ಬನ್ನಿ ಮರದ ಮರುಭೂಮಿಗೆ: ಮೈಸೂರಿನಿಂದ ಥಾರ್‌ಗೆ ಹೊರಡುವವರಿಗೆ

ಜಂಬೂ ಸವಾರಿ ಎಲ್ಲಿ ಮುಗಿಯುತ್ತದೆ ಅಂತ ಮೈಸೂರಿನ ಯಾವ ಮಗುವನ್ನು ಕೇಳಿದರೂ ಬನ್ನಿಮಂಟಪ ಅನ್ನುತ್ತದೆ. ಆದರೆ ಬನ್ನಿ ಮರದ ಎದುರು ನಿಂತು, ಇದೇ ಬನ್ನಿ ಅಂತ ಗುರುತು ಹಿಡಿಯುವವರು ನಮ್ಮಲ್ಲಿ ಕಡಿಮೆ. ನಾನು ಗುರುತು ಹಿಡಿದದ್ದು ಜೈಸಲ್ಮೇರ್‌ನಲ್ಲಿ. ಬಿಸಿಲಿಗೆ ಬಿಳಿಚಿಕೊಂಡ ಬಯಲಿನ ನಡುವೆ ಒಂದೇ ಒಂದು ಮರ. ಅದರ ನೆರಳಲ್ಲಿ ಏಳೆಂಟು ಆಡು, ಅವುಗಳನ್ನು ಕಾಯುವ ಒಬ್ಬ ಹುಡುಗ. ನಮ್ಮ ಜೊತೆಗಿದ್ದ ಅಲ್ಲಿಯ ಹಿರಿಯರು ‘ಖೇಜ್ರಿ’ ಅಂದರು. ನಮ್ಮ ಗುಂಪಿನ ಅಕ್ಕ ಒಬ್ಬರು ಕೆಳಗೆ ಬಿದ್ದಿದ್ದ ಎಲೆ ಎತ್ತಿ ನೋಡಿ, ‘ಅಯ್ಯೋ, ಇದು ನಮ್ಮ ಬನ್ನಿ ಕಣ್ರೀ’ ಅಂದರು.

ಹೌದು, ನಾವು ವಿಜಯದಶಮಿಗೆ ಪೂಜೆ ಮಾಡುವ ಮರವೇ ಅದು. ರಾಜಸ್ಥಾನದಲ್ಲಿ ಅದು ರಾಜ್ಯದ ಮರ. ಅದರ ಎಳೆ ಕಾಯಿಯನ್ನು ಒಣಗಿಸಿ ಸಾಂಗ್ರಿ ಅಂತ ಪಲ್ಯ ಮಾಡುತ್ತಾರೆ. ಎಲೆ ಆಡು, ಒಂಟೆಗಳ ಮೇವು. 1730ರಲ್ಲಿ ಜೋಧ್‌ಪುರದ ಹತ್ತಿರದ ಖೇಜಡ್ಲಿ ಹಳ್ಳಿಗೆ ದೊರೆಯ ಆಳುಗಳು ಈ ಮರ ಕಡಿಯಲು ಬಂದಿದ್ದರು. ಸುಣ್ಣ ಸುಡಲು ಅವರಿಗೆ ಸೌದೆ ಬೇಕಿತ್ತು. ಮರ, ಪ್ರಾಣಿಗಳನ್ನು ಕಾಯುವುದನ್ನೇ ಧರ್ಮ ಅಂದುಕೊಂಡ ಬಿಷ್ಣೋಯಿ ಪಂಥದ ಅಮೃತಾ ದೇವಿ ಎಂಬ ಹೆಣ್ಣುಮಗಳು ಮರವನ್ನು ತಬ್ಬಿ ನಿಂತರು. ಅವರನ್ನು ಸೇರಿ 363 ಜನ ಅಲ್ಲಿ ಪ್ರಾಣ ಕೊಟ್ಟರು. ಒಂದು ಮರಕ್ಕೆ ಇಷ್ಟು ಬೆಲೆ ಕಟ್ಟಿದ ನೆಲಕ್ಕೆ ನಾವು ಹೇಗೆ ಹೋಗಬೇಕು? ಈ ಬರಹ ಅದರ ಬಗ್ಗೆ.

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ತಪ್ಪಾಗಿ ಹೋದೆ. ಪ್ಯಾಕೇಜ್ ಟೂರ್‌ನವರು ಕೂರಿಸಿದ ಜೀಪಿನಲ್ಲಿ ಮರಳು ದಿಬ್ಬ ಹತ್ತಿ ಇಳಿದು ಕೇಕೆ ಹಾಕಿದೆವು. ರಾತ್ರಿ ಟೆಂಟಿನ ಅಂಗಳದಲ್ಲಿ ದೊಡ್ಡ ಸ್ಪೀಕರ್ ಇಟ್ಟು ಹಾಡು ಹಾಕಿದ್ದರು. ಬೆಳಗ್ಗೆ ಎದ್ದು ಹೊರಗೆ ಬಂದಾಗ ಚಿಪ್ಸ್ ಕವರಿನ ಸುತ್ತ ಸಣ್ಣ ಸಣ್ಣ ಹೆಜ್ಜೆ ಗುರುತು. ನರಿಯದ್ದು ಅಂತ ಆಳು ಹುಡುಗ ಹೇಳಿದ. ಕವರಿನ ಒಂದು ಮೂಲೆ ಇರಲೇ ಇಲ್ಲ. ಅದನ್ನು ನರಿ ನುಂಗಿತ್ತು. ಆ ಕವರು ನಮ್ಮದೇ. ಎರಡನೇ ಸಲ ಹೋಗುವ ಮೊದಲು ಒಂದು ವರ್ಷ ಕೇಳಿ, ಓದಿ, ತಿಳಿದುಕೊಂಡು ಹೋದೆ. ಕೆಳಗೆ ಬರೆದಿರುವುದು ಆ ಎರಡನೇ ಸಲದ ಪಾಠ.

ಯಾವ ಜಾಗ ಇದು

ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ ಹರಡಿರುವ ಈ ಜಾಗವನ್ನು ಮರುಭೂಮಿ ರಾಷ್ಟ್ರೀಯ ಉದ್ಯಾನ ಅನ್ನುತ್ತಾರೆ. 1980ರಲ್ಲಿ ಘೋಷಣೆಯಾಯಿತು. ವಿಸ್ತಾರ 3,162 ಚದರ ಕಿಲೋಮೀಟರ್. ಮಂಡ್ಯ ಜಿಲ್ಲೆಯ ಮೂರರಲ್ಲಿ ಎರಡು ಪಾಲಿನಷ್ಟು ಅಂದುಕೊಳ್ಳಿ. ಹೆಸರು ಉದ್ಯಾನ ಅಂತಿದ್ದರೂ ಕಾನೂನಿನ ಲೆಕ್ಕದಲ್ಲಿ ಅದು ವನ್ಯಜೀವಿಧಾಮ. ಒಳಗೆ ಹತ್ತಾರು ಹಳ್ಳಿಗಳಿವೆ, ಜನ ಇದ್ದಾರೆ, ಅವರ ದನ, ಕುರಿ, ಒಂಟೆಗಳಿವೆ.

ಅದರ ಒಳಗೆ ಮರಳು ದಿಬ್ಬ ಇರುವುದು ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಕಲ್ಲು ನೆಲ, ಗಟ್ಟಿ ಬಯಲು, ಹುಲ್ಲು, ಪೊದೆ. ಫೋಟೋದಲ್ಲಿ ದಿಬ್ಬ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಎಲ್ಲರೂ ದಿಬ್ಬಕ್ಕೇ ಹೋಗುತ್ತಾರೆ. ಆದರೆ ಜೀವ ಜಾಸ್ತಿ ಇರುವುದು ಆ ಹುಲ್ಲಿನ ಬಯಲಿನಲ್ಲಿ. ನಮ್ಮ ಕಣ್ಣಿಗೆ ಖಾಲಿ ಅನ್ನಿಸುವ ಜಾಗದಲ್ಲಿ. ಅಲ್ಲಿ ನಾವು ಮಾಡುವ ತಪ್ಪುಗಳೆಲ್ಲ ಈ ‘ಖಾಲಿ’ ಅನ್ನುವ ಒಂದು ಮಾತಿನಿಂದಲೇ ಹುಟ್ಟುತ್ತವೆ. ಖಾಲಿ ಇದೆ ಅಲ್ವಾ, ಗಾಡಿ ಓಡಿಸೋಣ. ಖಾಲಿ ಇದೆ ಅಲ್ವಾ, ಇಲ್ಲೇ ಎಸೆಯೋಣ.

ಮೊದಲು ಮೇಲುಕೋಟೆಗೆ ಹೋಗಿ ಬನ್ನಿ

ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಟಿಕೆಟ್ ಮಾಡಿಸುವ ಮೊದಲು ಒಂದು ಭಾನುವಾರ ಮೇಲುಕೋಟೆಗೆ ಹೋಗಿ. ಚೆಲುವನಾರಾಯಣನ ದರ್ಶನ ಮಾಡಿ, ಪುಳಿಯೋಗರೆ ತಿನ್ನಿ, ಆಮೇಲೆ ಊರಿನಾಚೆಯ ಕುರುಚಲು ಕಾಡಿನ ಕಡೆ ನೋಡಿ. ಆ ಕಾಡಿನ ಒಂದಷ್ಟು ಭಾಗವನ್ನು 1974ರಲ್ಲಿ ತೋಳಗಳಿಗಾಗಿ ವನ್ಯಜೀವಿಧಾಮ ಮಾಡಿದ್ದಾರೆ. ಹುಲಿ, ಆನೆಗೆ ನಾಗರಹೊಳೆ, ಬಂಡೀಪುರ ಇದೆ ಅಂತ ಎಲ್ಲರಿಗೂ ಗೊತ್ತು. ಬಂಡೆ, ಮುಳ್ಳುಪೊದೆ ತುಂಬಿದ ಒಣ ಗುಡ್ಡವನ್ನು ತೋಳಕ್ಕಾಗಿ ಕಾಪಾಡುತ್ತಾರೆ ಅನ್ನುವುದು ಮಂಡ್ಯದವರಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ರಸ್ತೆ ಬದಿಯಲ್ಲೇ ಒಂದು ಕಲ್ಲಿನ ಮೇಲೆ ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ. ಒಳಗೆ ನುಗ್ಗುವುದು ಬೇಡ. ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಓತಿಕ್ಯಾತ ಕಾಣುತ್ತದೆ. ಇರುವೆ ಸಾಲು ಕಾಣುತ್ತದೆ. ಪೊದೆಯೊಳಗೆ ಹಕ್ಕಿ ಕದಲುತ್ತದೆ. ಮರುಭೂಮಿಯಲ್ಲೂ ಇದೇ ಅಭ್ಯಾಸ ಬೇಕು. ಓಡಾಡಿದರೆ ಏನೂ ಸಿಗುವುದಿಲ್ಲ, ಕೂತರೆ ಸಿಗುತ್ತದೆ.

ಮರಳಿನಲ್ಲಿ ನಡೆದು ರೂಢಿ ಇಲ್ಲದವರು ತಲಕಾಡಿಗೂ ಒಂದು ಸಲ ಹೋಗಿ ಬನ್ನಿ. ಪಂಚಲಿಂಗ ದರ್ಶನದ ದಾರಿಯಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಸುತ್ತು ನಡೆದರೆ ಸಾಕು. ನಿಮ್ಮ ಬೂಟಿಗೆ ಮರಳು ಎಷ್ಟು ಸೇರುತ್ತದೆ, ಮೀನಖಂಡ ಎಷ್ಟು ನೋಯುತ್ತದೆ, ಎಷ್ಟು ಹೊತ್ತಿಗೆ ಬಾಯಾರುತ್ತದೆ ಎಲ್ಲವೂ ತಿಳಿಯುತ್ತದೆ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಈ ಪರೀಕ್ಷೆ ತಪ್ಪಿಸಬೇಡಿ.

ಯಾವಾಗ ಹೋಗಬೇಕು, ಹೇಗೆ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿವರೆಗೆ. ಮೇ, ಜೂನ್‌ನಲ್ಲಿ ಅಲ್ಲಿ 45 ಡಿಗ್ರಿ ದಾಟುತ್ತದೆ. ನಮ್ಮ ಮಕ್ಕಳ ಬೇಸಿಗೆ ರಜೆಗೆ ಅದು ಹೊಂದುವ ಜಾಗ ಅಲ್ಲವೇ ಅಲ್ಲ. ಮಳೆಗಾಲವೂ ಬೇಡ. ಅದಕ್ಕೆ ನಮ್ಮ ಅನುಕೂಲ ಕಾರಣವಲ್ಲ, ಅದು ಅಲ್ಲಿನ ಹಕ್ಕಿಗಳು ಮೊಟ್ಟೆ ಇಡುವ ಕಾಲ. ದಸರಾ ರಜೆಯಲ್ಲಿ ಹೋಗಬಹುದು, ಬಿಸಿಲು ಇನ್ನೂ ಜೋರಾಗಿರುತ್ತದೆ ಅನ್ನುವುದು ನೆನಪಿರಲಿ. ಚಳಿಗಾಲದಲ್ಲಿ ಹಗಲು ಹಿತವಾಗಿರುತ್ತದೆ. ರಾತ್ರಿ ಮಾತ್ರ ಮೈಸೂರಿನ ಚಳಿಯನ್ನು ಮೀರಿಸುವ ಚಳಿ.

ಮೈಸೂರಿನಿಂದ ಅಜ್ಮೀರ್‌ಗೆ ನೇರ ರೈಲಿದೆ. ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು. ಅಲ್ಲಿಂದ ಜೋಧ್‌ಪುರ, ಜೋಧ್‌ಪುರದಿಂದ ಜೈಸಲ್ಮೇರ್. ಬೆಂಗಳೂರಿನಿಂದ ಜೋಧ್‌ಪುರಕ್ಕೂ ರೈಲುಗಳಿವೆ. ವಿಮಾನಕ್ಕಿಂತ ರೈಲು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹುಬ್ಬಳ್ಳಿ, ಬೆಳಗಾವಿ ದಾಟಿ ನೆಲದ ಬಣ್ಣ ಬದಲಾಗುವುದನ್ನು ಕಿಟಕಿಯಿಂದ ನೋಡುತ್ತಾ ಹೋದರೆ, ಅಲ್ಲಿ ಇಳಿಯುವ ಹೊತ್ತಿಗೆ ಮನಸ್ಸೂ ನಿಧಾನಕ್ಕೆ ಬಂದಿರುತ್ತದೆ. ಜೋಧ್‌ಪುರ, ಜೈಸಲ್ಮೇರ್ ನಡುವೆ ಫಲೋದಿ ಸಿಗುತ್ತದೆ. ಅದರ ಪಕ್ಕದ ಖೀಚನ್ ಹಳ್ಳಿಗೆ ಚಳಿಗಾಲದಲ್ಲಿ ಸಾವಿರಾರು ಕುರ್ಜಾ ಹಕ್ಕಿಗಳು ಬರುತ್ತವೆ. ಕೊಕ್ಕರೆಯ ಹಾಗೆ ಎತ್ತರದ ಕಾಲಿನ, ಬೂದು ಬಣ್ಣದ ಹಕ್ಕಿಗಳು. ಊರಿನವರೇ ಕಾಳು ಹಾಕಿ ಸಾಕುತ್ತಾರೆ. ನಮ್ಮ ಕೊಕ್ಕರೆಬೆಳ್ಳೂರು ನೆನಪಾಗುತ್ತದೆ. ಅರ್ಧ ದಿನ ಬಿಡುವು ಮಾಡಿಕೊಂಡು ಇಳಿಯಿರಿ.

ಚೀಟಿ, ಗಾಡಿ, ದಾರಿ ತೋರಿಸುವವರು

ಸಮ್ ಅನ್ನುವ ಊರು ಜೈಸಲ್ಮೇರ್‌ನಿಂದ ಸುಮಾರು 40 ಕಿಲೋಮೀಟರ್. ಪ್ರವಾಸಿಗರ ಟೆಂಟುಗಳೆಲ್ಲ ಇರುವುದು ಆ ಕಡೆ. ಹಕ್ಕಿ, ಪ್ರಾಣಿ ನೋಡಲು ಹೋಗಬೇಕಾದದ್ದು ಸುದಾಸರಿ ಕಡೆಗೆ. ಅರಣ್ಯ ಇಲಾಖೆಯ ಪ್ರವೇಶ ಚೀಟಿ ಇಲ್ಲದೆ ಒಳಗೆ ಹೋಗಬಾರದು. ಯಾರೋ ‘ಹಿಂದಿನ ದಾರಿಯಿಂದ ಕರೆದುಕೊಂಡು ಹೋಗುತ್ತೇನೆ’ ಅಂದರೆ ಒಪ್ಪಬೇಡಿ. ಚೀಟಿಯ ದುಡ್ಡು ಉಳಿಸುವ ಮಾತಲ್ಲ ಅದು. ಹಿಂದಿನ ದಾರಿ ಅಂದರೆ ಯಾರೂ ತುಳಿಯದ ನೆಲ ಅಂತ ಅರ್ಥ.

ಗುರುತಿನ ಚೀಟಿ ಎಲ್ಲರ ಹತ್ತಿರವೂ ಇರಲಿ. ಪಾಕಿಸ್ತಾನದ ಗಡಿ ದೂರವಿಲ್ಲ. ಗಡಿಯ ಕಡೆಯ ಕೆಲವು ಜಾಗಗಳಿಗೆ ಬೇರೆ ಅನುಮತಿ ಬೇಕು. ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. ಗಡಿ ಜಿಲ್ಲೆ, ಮೇಲಾಗಿ ವನ್ಯಜೀವಿಧಾಮ. ಎರಡು ಕಾರಣಕ್ಕೂ ಅದು ತೊಂದರೆಯೇ.

ದಾರಿ ತೋರಿಸುವವರನ್ನು ಆರಿಸುವಾಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ‘ಹಕ್ಕಿಯ ಹತ್ತಿರ ಹೋಗಲು ಗಾಡಿ ದಾರಿ ಬಿಟ್ಟು ಇಳಿಸುತ್ತೀರಾ?’ ಹೌದು ಅಂದರೆ ಅವರು ಬೇಡ. ನಮ್ಮ ಜೊತೆ ಬಂದ ಹಿರಿಯರು ಆ ಪ್ರಶ್ನೆಗೆ ಕೈ ಅಡ್ಡ ಆಡಿಸಿ, ‘ಹುಲ್ಲಿನ ಮೇಲೆ ಗಾಡಿ ಹೋದರೆ ನನ್ನ ದನಕ್ಕೆ ಏನು ಹಾಕಲಿ’ ಅಂದರು. ಹತ್ತಿರದ ಹಳ್ಳಿಯವರು. ಇಂಥವರನ್ನೇ ಹುಡುಕಿ. ನಮ್ಮ ದುಡ್ಡು ಆ ನೆಲದಲ್ಲೇ ಬದುಕುವವರಿಗೆ ಹೋಗಬೇಕು.

ಚೀಲದಲ್ಲಿ ಏನಿರಲಿ

ನೀರು ಮೊದಲು. ಒಬ್ಬರಿಗೆ ದಿನಕ್ಕೆ ನಾಲ್ಕರಿಂದ ಐದು ಲೀಟರ್ ಲೆಕ್ಕ ಹಾಕಿ. ಒಂದೊಂದು ಲೀಟರಿನ ಬಾಟಲಿ ಕಟ್ಟು ಕೊಳ್ಳಬೇಡಿ. ಜೈಸಲ್ಮೇರ್‌ನಲ್ಲೇ 20 ಲೀಟರಿನ ಕ್ಯಾನ್ ತುಂಬಿಸಿ ಗಾಡಿಯಲ್ಲಿ ಇಟ್ಟುಕೊಂಡು, ಮನೆಯಿಂದ ತಂದ ಸ್ಟೀಲ್ ಬಾಟಲಿಗೆ ಬಗ್ಗಿಸಿಕೊಳ್ಳಿ. ಏಳು ಜನ, ಮೂರು ದಿನ ಅಂದರೆ ನೂರರ ಹತ್ತಿರ ಪ್ಲಾಸ್ಟಿಕ್ ಬಾಟಲಿ ಆಗುತ್ತಿತ್ತು. ನಾವು ಒಂದನ್ನೂ ಕೊಳ್ಳಲಿಲ್ಲ.

ತಿಂಡಿಗೆ ನಮ್ಮ ಕಡೆಯದ್ದೇ ಸಾಕು. ರಾಗಿ ಹುರಿಹಿಟ್ಟು, ಬೆಲ್ಲ, ಹುರಿಗಡಲೆ, ಕೊಬ್ಬರಿ, ಚಕ್ಕುಲಿ, ನಿಪ್ಪಟ್ಟು. ಎಲ್ಲವನ್ನೂ ಡಬ್ಬಿಯಲ್ಲಿ ತುಂಬಿಸಿ, ಕವರಿನಲ್ಲಿ ಬೇಡ. ಕವರ್ ಇಲ್ಲದಿದ್ದರೆ ಹಾರುವುದಕ್ಕೂ ಏನೂ ಇರುವುದಿಲ್ಲ. ಮರುಭೂಮಿಯ ಗಾಳಿ ಕೈಯಲ್ಲಿರುವ ಕವರನ್ನೂ ಕಿತ್ತುಕೊಂಡು ಹೋಗುತ್ತದೆ, ಮುಳ್ಳುಪೊದೆಗೆ ಸಿಕ್ಕಿಸುತ್ತದೆ.

ಉದ್ದ ತೋಳಿನ ಹತ್ತಿ ಅಂಗಿ, ತಲೆಗೆ ಸುತ್ತಲು ಒಂದು ದೊಡ್ಡ ಟವೆಲ್ ಅಥವಾ ಪಂಚೆ. ಮಣ್ಣಿನ ಬಣ್ಣದ ಬಟ್ಟೆ ಒಳ್ಳೆಯದು. ಗಟ್ಟಿ ಅಡಿಯ ಬೂಟು, ಯಾಕೆಂದರೆ ಮುಳ್ಳು. ರಾತ್ರಿಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ. ತುಟಿ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ. ಒಂದು ಸಣ್ಣ ಕೈಗುದ್ದಲಿ, ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ದೂರದರ್ಶಕ ಇದ್ದರೆ ಖಂಡಿತ ತನ್ನಿ, ಇಲ್ಲದಿದ್ದರೆ ಗೆಳೆಯರ ಹತ್ತಿರ ಕೇಳಿ ತನ್ನಿ. ಹತ್ತಿರ ಹೋಗುವ ಆಸೆಯನ್ನು ತಡೆಯುವುದು ಅದೊಂದೇ.

ನೆಲದ ಮೇಲೆ ಕಾಲಿಡುವಾಗ

ಇಲ್ಲಿಗೆ ಬಂದದ್ದೇ ಈ ಮಾತು ಹೇಳಲು.

ಅಲ್ಲಿ ಒಂದು ಹಕ್ಕಿ ಇದೆ. ಗೋಡಾವಣ್ ಅನ್ನುತ್ತಾರೆ, ರಾಜಸ್ಥಾನದ ರಾಜ್ಯ ಪಕ್ಷಿ. ನಮ್ಮ ಕನ್ನಡದಲ್ಲಿ ಎರೆಭೂತ. ದೊರವಾಯನ ಹಕ್ಕಿ ಅಂತಲೂ ಕರೆಯುತ್ತಾರೆ. ಕನ್ನಡದಲ್ಲಿ ಹೆಸರಿದೆ ಅಂದರೆ ಅದು ನಮ್ಮ ನೆಲದಲ್ಲೂ ಇತ್ತು ಅಂತ. ರಾಣೆಬೆನ್ನೂರಿನ ಬಯಲಿನಲ್ಲಿ ಹಿಂದೆ ಇತ್ತು. ಬಳ್ಳಾರಿಯ ಸಿರುಗುಪ್ಪದ ಕಡೆ ಈಗ ಬೆರಳೆಣಿಕೆಯಷ್ಟು. ಇಡೀ ದೇಶದಲ್ಲಿ ಕಾಡಿನಲ್ಲಿ ಉಳಿದಿರುವುದು ಇನ್ನೂರಕ್ಕೂ ಕಡಿಮೆ, ಅದರಲ್ಲಿ ಹೆಚ್ಚಿನವು ಜೈಸಲ್ಮೇರ್‌ನಲ್ಲಿ. ಸುಮಾರು ಒಂದು ಮೀಟರ್ ಎತ್ತರ. ಗಂಡು ಹದಿನೈದು ಕಿಲೋವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದ್ದು ಕಡಿಮೆ.

ಅದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ, ಹುಲ್ಲಿನ ನಡುವೆ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ವರ್ಷಕ್ಕೆ ಆ ಒಂದು ಮೊಟ್ಟೆ. ಮೊಟ್ಟೆಯ ಬಣ್ಣವೂ ನೆಲದ ಬಣ್ಣವೇ. ಜೀಪಿನ ಚಕ್ರಕ್ಕೆ ಅದು ಕಾಣುವುದಿಲ್ಲ. ನಮ್ಮ ಕಾಲಿಗೂ ಕಾಣುವುದಿಲ್ಲ. ತಾಯಿ ಹಕ್ಕಿ ಹೆದರಿ ಎದ್ದು ಹೋದರೆ ಆ ಬಿಸಿಲಿನಲ್ಲಿ ಮೊಟ್ಟೆ ಉಳಿಯುವುದು ಕಷ್ಟ. ಕಾಗೆ, ನಾಯಿಗಳೂ ಕಾಯುತ್ತಿರುತ್ತವೆ.

ಈ ಹಕ್ಕಿಯ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಎದುರಿಗಿರುವುದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಭಾರದ ಮೈ, ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ತಿರುಗಲೂ ಆಗುವುದಿಲ್ಲ. ಹಾಗಾಗಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಗಾಳಿ, ಬಿಸಿಲಿನ ವಿದ್ಯುತ್ ಯೋಜನೆಗಳಿಂದ ಆ ಬಯಲಿನ ತುಂಬ ತಂತಿಗಳು ಬಂದಿವೆ. 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿಗೆ ಹಾಕಬೇಕು ಅಂತ ಆದೇಶ ಕೊಟ್ಟಿತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ವಹಿಸಿತು. ಅದು ದೊಡ್ಡವರ ಮಟ್ಟದ ಮಾತು. ನಮ್ಮ ಕೈಯಲ್ಲಿರುವುದು ಇನ್ನೊಂದು ಕಾಟವನ್ನು ಸೇರಿಸದಿರುವುದು. ಹಕ್ಕಿಯನ್ನು ಹಾರಿಸದಿದ್ದರೆ ಅದು ತಂತಿಯ ಕಡೆ ಹೋಗುವ ಒಂದು ಸಂದರ್ಭವಾದರೂ ತಪ್ಪುತ್ತದೆ.

ಆದ್ದರಿಂದ ಗಾಡಿ ಇದ್ದ ದಾರಿ ಬಿಟ್ಟು ಇಳಿಯಲೇಬಾರದು. ಅದೇ ದಾರಿಯಲ್ಲಿ ಬೇರೆ ಚಕ್ರದ ಗುರುತು ಬದಿಗೆ ಹೋಗಿದ್ದರೂ, ಅದು ಯಾರೋ ಮಾಡಿದ ತಪ್ಪು, ನಮಗೆ ದಾರಿಯಲ್ಲ. ನಡೆಯುವಾಗ ಒಬ್ಬರ ಹಿಂದೆ ಒಬ್ಬರು, ದನದ ಕಾಲುದಾರಿಯಲ್ಲೇ ನಡೆಯಿರಿ. ಮಳೆ ಬಿದ್ದು ಒಣಗಿದ ನೆಲದ ಮೇಲೆ ಹಪ್ಪಳದಷ್ಟು ತೆಳ್ಳಗೆ ಒಂದು ಗಟ್ಟಿ ಪದರ ಕಟ್ಟಿರುತ್ತದೆ. ಅದು ಒಡೆದರೆ ಕೆಳಗಿನ ಸಣ್ಣ ಮಣ್ಣು ಗಾಳಿಗೆ ಎದ್ದು ಹೋಗುತ್ತದೆ. ದಿಬ್ಬದ ಮೇಲೆ ಹುಲ್ಲು, ಪೊದೆ ಇದ್ದರೆ ಅಲ್ಲಿ ಹತ್ತಬೇಡಿ. ಸೇವಣ್ ಅನ್ನುವ ಹುಲ್ಲು ಅಲ್ಲಿ ಮರಳನ್ನು ಬೇರಿನಲ್ಲಿ ಹಿಡಿದಿಟ್ಟಿರುತ್ತದೆ, ದನಕ್ಕೂ ಅದೇ ಮೇವು. ದಿಬ್ಬ ಹತ್ತುವ ಆಸೆ ಇದ್ದರೆ ಸಮ್‌ನ ಬರಿ ಮರಳಿನಲ್ಲಿ, ಕಾಲ್ನಡಿಗೆಯಲ್ಲಿ ಹತ್ತಿ.

ಹಕ್ಕಿ ಅಥವಾ ಚಿಂಕಾರ ಅನ್ನುವ ಸಣ್ಣ ಹುಲ್ಲೆ ಕಂಡಾಗ ನಿಂತುಬಿಡಿ. ಅದು ಮೇಯುತ್ತಿದ್ದರೆ ಸರಿ. ಮೇಯುವುದು ನಿಲ್ಲಿಸಿ ಕತ್ತು ನೆಟ್ಟಗೆ ಮಾಡಿ ನಿಮ್ಮನ್ನೇ ನೋಡಿತೇ, ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಹಿಂದಕ್ಕೆ ಸರಿಯಿರಿ. ಕೂಗಿ, ಚಪ್ಪಾಳೆ ತಟ್ಟಿ, ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅನ್ನುವ ಪದದ ಒಳಗೆ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಸೇರುತ್ತದೆ. ಪ್ರಾಣಿಯನ್ನು ಕಾಡಿಸುವುದು, ಧಾಮದ ನೆಲದಲ್ಲಿ ಕಸ ಹಾಕುವುದು ಎರಡೂ ಅದೇ ಕಾಯ್ದೆಯಲ್ಲಿ ತಪ್ಪು.

ಫೋಟೋ ಹಾಕುವಾಗ ಜಾಗದ ಗುರುತು ತೆಗೆದು ಹಾಕಿ. ಗೂಡಿನ ಫೋಟೋ ತೆಗೆಯಲೇಬೇಡಿ. ಒಬ್ಬರು ಹಾಕಿದರೆ ಮರುವಾರ ಇಪ್ಪತ್ತು ಜನ ಅಲ್ಲಿ ನಿಂತಿರುತ್ತಾರೆ.

ನಮಗೆ ಎರೆಭೂತ ಕಂಡದ್ದು ಒಂದೇ ಸಲ, ತುಂಬ ದೂರದಿಂದ. ಬಿಸಿಲಿನ ಅಲೆಯಲ್ಲಿ ಕಪ್ಪು ಟೋಪಿ, ಬಿಳಿ ಕತ್ತು. ನಾಲ್ಕು ನಿಮಿಷ ಇರಬಹುದು. ಕಾಣದೆಯೂ ಹೋಗಬಹುದಿತ್ತು. ಕಾಣದಿದ್ದರೆ ಕಾಣಲಿಲ್ಲ ಅಂತ ಮೊದಲೇ ಮನಸ್ಸು ಮಾಡಿಕೊಂಡು ಹೋಗಿ. ಗಾಡಿಯವರ ಮೇಲೆ ಒತ್ತಾಯ ಹಾಕುವುದು ನಾವೇ. ‘ಇಷ್ಟು ದೂರದಿಂದ ಬಂದಿದ್ದೀವಿ ಕಣಪ್ಪ, ಹೇಗಾದರೂ ತೋರಿಸು’ ಅಂದ ತಕ್ಷಣ ಚಕ್ರ ಹುಲ್ಲಿಗೆ ಇಳಿಯುತ್ತದೆ.

ನೀರು, ಕಸ, ಬಯಲಿಗೆ ಹೋಗುವುದು

ಜೈಸಲ್ಮೇರ್‌ನಲ್ಲಿ ವರ್ಷಕ್ಕೆ 200 ಮಿಲಿಮೀಟರ್‌ಗಿಂತ ಕಡಿಮೆ ಮಳೆ. ಮೈಸೂರಿನಲ್ಲಿ ಸುಮಾರು 800. ಆ ಸ್ವಲ್ಪ ಮಳೆಯನ್ನೇ ಅವರು ಟಾಂಕಾ ಅನ್ನುವ ನೆಲದೊಳಗಿನ ತೊಟ್ಟಿಯಲ್ಲಿ, ನಾಡಿ ಅನ್ನುವ ಸಣ್ಣ ಕಟ್ಟೆಯಲ್ಲಿ ಹಿಡಿದಿಡುತ್ತಾರೆ. ಕಾವೇರಿ ನಾಲೆ ಪಕ್ಕ ಬೆಳೆದ ನಮಗೆ ನೀರು ಕಂಡರೆ ಮುಖ ತೊಳೆಯುವ ಅಭ್ಯಾಸ. ಅಲ್ಲಿ ಬೇಡ. ಕಟ್ಟೆಗೆ ಕಾಲಿಡಬೇಡಿ, ಸೋಪು ತೋರಿಸಬೇಡಿ. ಅದು ಜನಕ್ಕೆ, ದನಕ್ಕೆ, ಕಾಡುಪ್ರಾಣಿಗೆ ಎಲ್ಲರಿಗೂ ಅದೇ ನೀರು. ಕಟ್ಟೆಯ ಬದಿಯಲ್ಲಿ ಜಾಸ್ತಿ ಹೊತ್ತು ಕೂರಲೂ ಬೇಡಿ, ನಾವಿದ್ದರೆ ಪ್ರಾಣಿಗಳು ನೀರಿಗೆ ಬರುವುದಿಲ್ಲ.

ಕಸ ಎಲ್ಲವೂ ವಾಪಸ್. ಬಾಳೆಹಣ್ಣಿನ ಸಿಪ್ಪೆ, ಕಿತ್ತಳೆ ಸಿಪ್ಪೆಯೂ ಸೇರಿ. ‘ಮಣ್ಣಿಗೆ ಸೇರುತ್ತೆ ಬಿಡಿ’ ಅನ್ನುವುದು ನಮ್ಮ ತೋಟದ ಮಾತು. ಒಣ ನೆಲದಲ್ಲಿ ಕೊಳೆಯುವುದಿಲ್ಲ, ಒಣಗಿ ಹಾಗೇ ಇರುತ್ತದೆ. ಅದರ ವಾಸನೆಗೆ ನಾಯಿ ಬರುತ್ತದೆ. ನಾಯಿಗೆ ಬಿಸ್ಕತ್ತು ಹಾಕುವುದೂ ಬೇಡ. ಹೇಳಲು ಕಷ್ಟವಾಗುತ್ತದೆ, ನಾನು ಮನೆ ಮುಂದಿನ ನಾಯಿಗಳಿಗೆ ದಿನಾ ಅನ್ನ ಹಾಕುವವಳು. ಆದರೆ ಅಲ್ಲಿ ಪ್ರವಾಸಿಗರ ಊಟದಿಂದ ಬೆಳೆದ ನಾಯಿಗಳ ಗುಂಪು ಚಿಂಕಾರ ಮರಿಗಳನ್ನು, ನೆಲದ ಮೇಲಿನ ಗೂಡುಗಳನ್ನು ಹಾಳು ಮಾಡುತ್ತದೆ. ಚಾಮುಂಡಿ ಬೆಟ್ಟದ ಕೋತಿಗಳಿಗೆ ನಾವು ಏನು ಮಾಡಿದ್ದೇವೆ ಅಂತ ನೋಡಿದವರಿಗೆ ಇದು ಅರ್ಥವಾಗುತ್ತದೆ.

ಶೌಚಾಲಯ ಇರುವ ಕಡೆ ಮುಗಿಸಿಕೊಂಡೇ ಹೊರಡಿ. ಬಯಲಿಗೆ ಹೋಗಲೇಬೇಕಾದರೆ ನೀರಿನ ಕಟ್ಟೆ, ಕಾಲುದಾರಿಯಿಂದ ನೂರು ಹೆಜ್ಜೆ ದೂರ ಹೋಗಿ, ಒಂದು ಗೇಣು ಆಳ ಗುಂಡಿ ತೆಗೆದು, ಆಮೇಲೆ ಮುಚ್ಚಿ. ಕೈಗುದ್ದಲಿ ಇದಕ್ಕೇ. ಗುಂಡಿ ತೆಗೆಯುವ ಮೊದಲು ಅಲ್ಲಿ ಬಿಲ ಇಲ್ಲ ಅಂತ ನೋಡಿ. ಪೇಪರ್, ಪ್ಯಾಡ್ ಹೂಳಬಾರದು, ಗಟ್ಟಿ ಕವರಿನಲ್ಲಿ ಕಟ್ಟಿ ವಾಪಸ್ ತರಬೇಕು. ಹೆಣ್ಣುಮಕ್ಕಳು ಗುಂಪಿನಲ್ಲಿದ್ದರೆ ಇದನ್ನೆಲ್ಲ ಮೊದಲ ದಿನವೇ ಮುಜುಗರವಿಲ್ಲದೆ ಮಾತಾಡಿಕೊಳ್ಳಿ.

ರಾತ್ರಿ

ಸ್ಪೀಕರ್ ಹಾಕುವ ಟೆಂಟುಗಳನ್ನು ಬಿಟ್ಟು ಹಳ್ಳಿಯ ಮನೆಯಲ್ಲಿ ಉಳಿಯಿರಿ. ನಾವು ಉಳಿದದ್ದು ಮಣ್ಣಿನ ಗೋಡೆಯ, ಹುಲ್ಲು ಹೊದಿಸಿದ ಗುಡಿಸಲಿನಲ್ಲಿ. ಬಾಜ್ರಾ ರೊಟ್ಟಿ, ಕೇರ್ ಸಾಂಗ್ರಿ ಪಲ್ಯ, ಮಜ್ಜಿಗೆ. ನಮ್ಮ ಮುದ್ದೆಯಷ್ಟೇ ಗಟ್ಟಿ ಊಟ.

ಚಳಿಗೆ ಬೆಂಕಿ ಹಾಕಿಸಬೇಡಿ. ಪ್ರವಾಸಿಗರು ಕೇಳುತ್ತಾರೆ ಅಂತ ಪೊದೆಗಳನ್ನು ಬೇರು ಸಮೇತ ಕಿತ್ತು ತರುತ್ತಾರೆ. ಫೋಗ್ ಅನ್ನುವ ಪೊದೆಯ ಬೇರು ಚೆನ್ನಾಗಿ ಉರಿಯುತ್ತದೆ, ಆದರೆ ಮರಳನ್ನು ಹಿಡಿದಿಟ್ಟಿರುವುದೂ ಅದೇ ಬೇರು. ಇನ್ನೊಂದು ಕಂಬಳಿ ಕೇಳಿ, ಕೊಡುತ್ತಾರೆ. ದೀಪಗಳನ್ನೆಲ್ಲ ಆರಿಸಿ ಮೇಲೆ ನೋಡಿ. ಆ ಆಕಾಶ ನೋಡಿ ನಮ್ಮ ಗುಂಪಿನಲ್ಲಿ ಯಾರೂ ತುಂಬ ಹೊತ್ತು ಮಾತಾಡಲಿಲ್ಲ.

ಬೆಳಗ್ಗೆ ಬೂಟು ಹಾಕಿಕೊಳ್ಳುವ ಮೊದಲು ಕೊಡವಿ, ಚೇಳು ಇರಬಹುದು. ಕತ್ತಲಲ್ಲಿ ಟಾರ್ಚ್ ಇಲ್ಲದೆ ಓಡಾಡಬೇಡಿ. ಗರಗಸ ಮಂಡಲ ಅನ್ನುವ ಚಿಕ್ಕ ವಿಷದ ಹಾವು ಮರಳಿನ ಬಣ್ಣಕ್ಕೇ ಇರುತ್ತದೆ. ಕಚ್ಚಿದರೆ ಕುಯ್ಯುವುದು, ಬಾಯಲ್ಲಿ ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕಾಲನ್ನು ಅಲ್ಲಾಡಿಸದೆ, ಸಮಯ ಕಳೆಯದೆ ಆಸ್ಪತ್ರೆಗೆ ಹೊರಡಿ. ವಿಷಕ್ಕೆ ಔಷಧ ಇರುವ ಆಸ್ಪತ್ರೆ ಯಾವುದು ಅಂತ ಹಿಂದಿನ ದಿನವೇ ಗಾಡಿಯವರನ್ನು ಕೇಳಿಟ್ಟುಕೊಳ್ಳಿ. ಬಿಸಿಲಿಗೆ ತಲೆ ಸುತ್ತಿ, ಮಾತು ತೊದಲಿ, ಮೈ ಸುಡುತ್ತಿದ್ದರೆ ಅದೂ ಆಸ್ಪತ್ರೆಯ ವಿಷಯವೇ. ನೆರಳಿಗೆ ಕರೆದುಕೊಂಡು, ಬಟ್ಟೆ ಒದ್ದೆ ಮಾಡಿ, ಗಾಳಿ ಹಾಕುತ್ತಲೇ ಗಾಡಿ ಹತ್ತಿಸಿ.

ಊರಿನವರ ಜೊತೆ

‘ರಾಮ್ ರಾಮ್ ಸಾ’ ಅಂದರೆ ಮುಖ ಅರಳುತ್ತದೆ. ಹೆಣ್ಣುಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ. ಮಕ್ಕಳಿಗೆ ಚಾಕಲೇಟ್, ಪೆನ್ನು ಹಂಚಬೇಡಿ, ಮುಂದೆ ಬರುವ ಗಾಡಿಗಳ ಹಿಂದೆಲ್ಲ ಅವರು ಓಡುವಂತಾಗುತ್ತದೆ. ಓರಣ್ ಅಂತ ಕರೆಯುವ ದೇವರ ಕಾಡುಗಳು ಅಲ್ಲಿವೆ. ನಮ್ಮ ದೇವರಕಾಡಿನ ಹಾಗೇ, ಅಲ್ಲಿಂದ ಒಂದು ಕಡ್ಡಿಯನ್ನೂ ತರುವುದಿಲ್ಲ. ಚಪ್ಪಲಿ ಬಿಡಿ ಅಂದ ಕಡೆ ಬಿಡಿ.

ಸಂತೆಯಲ್ಲಿ ಸಾಂಡಾ ಎಣ್ಣೆ ಮಾರಲು ಬಂದರೆ ಕೊಳ್ಳಬೇಡಿ. ಸಾಂಡಾ ಅಂದರೆ ಮುಳ್ಳು ಬಾಲದ ಒಂದು ಪಾಪದ ಹಲ್ಲಿ, ಹುಲ್ಲು ತಿಂದು ಬದುಕುತ್ತದೆ. ಅದನ್ನು ಕೊಂದು ತೆಗೆದ ಕೊಬ್ಬಿಗೆ ಯಾವ ಮಹಿಮೆಯೂ ಇಲ್ಲ. ಜೈಸಲ್ಮೇರ್‌ನಿಂದ ಬಾಡಮೇರ್ ದಾರಿಯಲ್ಲಿ ಆಕಲ್ ಅನ್ನುವ ಕಡೆ ಸುಮಾರು 18 ಕೋಟಿ ವರ್ಷ ಹಳೆಯ, ಕಲ್ಲಾಗಿ ಹೋದ ಮರಗಳಿವೆ. ಅಲ್ಲಿ ಮಕ್ಕಳಿಗೆ ಮೊದಲೇ ಹೇಳಿಡಿ, ಒಂದು ಚೂರೂ ಜೇಬಿಗೆ ಹೋಗಬಾರದು.

ವಾಪಸ್ ಹೊರಡುವಾಗ

ಕಸದ ಚೀಲವನ್ನು ಹಳ್ಳಿಯಲ್ಲಿ ಬಿಡಬೇಡಿ. ಅಲ್ಲಿ ಅದನ್ನು ಒಯ್ಯುವ ಗಾಡಿ ಬರುವುದಿಲ್ಲ, ದಿಬ್ಬದ ಹಿಂದೆ ಸುಡುತ್ತಾರೆ. ನಮ್ಮದು ಒಂದು ಅಕ್ಕಿ ಚೀಲದ ಕಾಲು ಭಾಗದಷ್ಟಿತ್ತು. ಹಸಿಯಾದದ್ದನ್ನು, ಕಟ್ಟಿಟ್ಟ ಪೇಪರ್, ಪ್ಯಾಡನ್ನು ಪಟ್ಟಣದ ತೊಟ್ಟಿಗೆ ಹಾಕಿ, ಉಳಿದದ್ದನ್ನು ರೈಲಿನಲ್ಲೇ ಮೈಸೂರಿಗೆ ತಂದು ನಮ್ಮ ಬೀದಿಯ ಪೌರಕಾರ್ಮಿಕರಿಗೆ ಒಣ ಕಸದ ಜೊತೆ ಕೊಟ್ಟೆವು.

ಕೊನೆಯ ಕೆಲಸ ಒಂದಿದೆ. ಹಳ್ಳಿ ಬಿಡುವ ಮೊದಲು ಎಲ್ಲರೂ ಸಾಲಾಗಿ ಕೂತು ಕಾಲುಚೀಲ, ಪ್ಯಾಂಟಿನ ಮಡಿಕೆ, ಬೂಟಿನ ಲೇಸು ನೋಡಿಕೊಳ್ಳಿ. ಭುರಟ್ ಅನ್ನುವ ಹುಲ್ಲಿನ ಮುಳ್ಳು ಬೀಜಗಳು ಅಂಟಿಕೊಂಡಿರುತ್ತವೆ, ಕೈಗೆ ಚುಚ್ಚುತ್ತವೆ. ಅಲ್ಲಿನ ಬೀಜ ಅಲ್ಲೇ ಇರಬೇಕು. ಬಳ್ಳಾರಿ ಜಾಲಿ ಹೊರಗಿನಿಂದ ಬಂದು ನಮ್ಮ ಕೆರೆ ಅಂಗಳಗಳನ್ನೂ ಅವರ ಹುಲ್ಲುಗಾವಲನ್ನೂ ಹೇಗೆ ನುಂಗಿದೆ ಅಂತ ಎರಡೂ ಕಡೆಯವರಿಗೆ ಗೊತ್ತು. ನಮಗೆ ದಾರಿ ತೋರಿಸಿದ ಹಿರಿಯರ ಮನೆಯಂಗಳದಲ್ಲಿ ಏಳು ಜನ ಅರ್ಧ ಗಂಟೆ ಕೂತು ಒಂದೊಂದೇ ಬೀಜ ಕಿತ್ತೆವು. ಅವರ ಸೊಸೆ ಚಹಾ ತಂದಿಟ್ಟು, ತಾನೂ ಕೂತು, ನನ್ನ ಎಡಗಾಲಿನ ಕಾಲುಚೀಲದಿಂದ ನಾಲ್ಕು ಬೀಜ ತೆಗೆದುಕೊಟ್ಟಳು.